ಅರ್ಕಾ ಪ್ರಭಾತ್ ಪರಂಗಿ: ರುಚಿಗೆ ಪೂರ್ತಿ ಅಂಕ, ಮಿಕ್ಕಿದ್ದಕ್ಕೆ ಷರತ್ತು

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪ್ರಭಾತ್ ಬೀಜ ತರೋದೋ, ತೈವಾನಿನ ರೆಡ್ ಲೇಡಿಯೋ? ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಪರಂಗಿ ಹಾಕುವವರು ಮೊದಲು ಕೇಳುವುದೇ ಇದನ್ನು. ತಿನ್ನೋಕಾದರೆ ಪ್ರಭಾತೇ. ಅರ್ಕಾ ಸೂರ್ಯ ಮತ್ತು ತೈನಂಗ್-1 ತಳಿಗಳ ಸಂಕರಕ್ಕೆ ಇಲ್ಲಿನದೇ ಗಿಡ್ಡ ತಳಿಯೊಂದನ್ನು ಕೂಡಿಸಿ ಪಡೆದದ್ದು ಇದು. ಹಣ್ಣು 900 ಗ್ರಾಂನಿಂದ 1.2 ಕೆಜಿ, ತಿರುಳು ಕಡು ಗುಲಾಬಿ, ಸಿಹಿ 13–14 ಬ್ರಿಕ್ಸ್ (ಸಕ್ಕರೆ ಅಂಶದ ಅಳತೆ). ನೆಲದಿಂದ ಎರಡಡಿ ಮೇಲೇ ಕಾಯಿ ಕಚ್ಚುವುದರಿಂದ ಮೊದಲ ಕೊಯ್ಲನ್ನು ಬಗ್ಗಿಯೇ ಮಾಡಬೇಕು!

ರೆಡ್ ಲೇಡಿ ಎಫ್-1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿದ ಮೊದಲ ತಲೆಮಾರು. ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಗಿಡಕ್ಕೊಂದು ಬಗೆ. ಪ್ರಭಾತ್ ಹಾಗಲ್ಲ. ದ್ವಿಲಿಂಗಿ, ಅಂದರೆ ಒಂದೇ ಹೂವಲ್ಲಿ ಗಂಡು ಹೆಣ್ಣು ಎರಡೂ ಇರುವ ಗಿಡದ ಮೊಗ್ಗು ಅರಳುವ ಮೊದಲೇ ಕಾಗದದ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಗುರುತಿಗೊಂದು ದಾರ ಹಾಕಿದರೆ ಆ ಹಣ್ಣಿನ ಬೀಜದಿಂದ ಅದೇ ತಳಿ ಸಿಗುತ್ತದೆ. ಬೀಜದ ಮೇಲಿನ ಲೋಳೆ ಪೊರೆಯನ್ನು ಬೂದಿ ಹಾಕಿ ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಿ. ಲೋಳೆ ಉಳಿದರೆ ಮೊಳಕೆ ಏಳುವುದು ಕಷ್ಟ.

ಹಾಗೆ ತೆಗೆದ ಬೀಜದಲ್ಲೂ ಮೂರಕ್ಕೊಂದು ಹೆಣ್ಣು. ಹೆಣ್ಣು ಗಿಡದ ಕಾಯಿ ಗುಂಡಗೆ, ಒಳಗೆ ಪೊಳ್ಳು ಜಾಸ್ತಿ, ತಿರುಳು ತೆಳು. ಸಸಿ ನೋಡಿ ಇದನ್ನು ಹೇಳಲಾಗದು. ‘ಎಲ್ಲಾ ದ್ವಿಲಿಂಗಿನೇ ಸಾರ್’ ಅನ್ನುವ ನರ್ಸರಿಯಿಂದ ದೂರ ಇರಿ. ಗುಣಿಗೆ ಒಂದೇ ಸಸಿ ನೆಟ್ಟರೆ ನೂರರಲ್ಲಿ ಸುಮಾರು 33 ಗುಣಿಗೆ ಹೆಣ್ಣೇ ಗತಿ. ಎರಡು ನೆಟ್ಟರೆ 11, ಮೂರಾದರೆ ನಾಲ್ಕೇ. ನಾಲ್ಕೈದು ತಿಂಗಳಿಗೆ ಹೂ ಬಂದಾಗ ದಳ ಬಿಡಿಸಿ ನೋಡಿ. ಉದ್ದನೆಯ ಅಂಡಾಶಯ, ಪಕ್ಕದಲ್ಲಿ ಹಳದಿ ಕೇಸರ (ಹೂವಿನ ಗಂಡು ಭಾಗ) ಇದ್ದರೆ ಇಟ್ಟುಕೊಳ್ಳಿ. ದಪ್ಪ ಗುಂಡನೆಯ ಅಂಡಾಶಯವೊಂದೇ ಇದ್ದರೆ ಬುಡಕ್ಕೆ ಕತ್ತರಿಸಿ. ಕಿತ್ತರೆ ಜೊತೆಗಿರುವ ಗಿಡದ ಬೇರೂ ಅಲುಗುತ್ತದೆ.

ಚಳಿಗಾಲದಲ್ಲಿ ಇನ್ನೊಂದು ತಕರಾರು. ದ್ವಿಲಿಂಗಿ ಹೂವಿನ ಕೇಸರಗಳು ಅಂಡಾಶಯಕ್ಕೆ ಬೆಸೆದುಕೊಂಡು ಕಾಯಿ ಸೊಟ್ಟ, ಏಣು ಏಣು. ಇದು ರೋಗವಲ್ಲ, ಎಳೆಯದಿರುವಾಗಲೇ ಚಿವುಟಿ. ಗಂಟು ಗಂಟಾಗಿ ಮೇಲೆ ಹಾಲು ಜಿನುಗಿದ್ದರೆ ಅದು ಬೋರಾನ್ ಕೊರತೆ: 4 ಮತ್ತು 8ನೇ ತಿಂಗಳಲ್ಲಿ ಲೀಟರಿಗೆ 1 ಗ್ರಾಂ ಬೋರಿಕ್ ಆಸಿಡ್ ಸಿಂಪಡಿಸಿ.

ಪ್ರಭಾತ್ ಅಂಕ ಕಳೆದುಕೊಳ್ಳುವುದು ಉಂಗುರ ಚುಕ್ಕೆ ನಂಜುರೋಗದಲ್ಲಿ. ಗಿಡಹೇನು ಒಮ್ಮೆ ಮೂತಿ ಚುಚ್ಚಿದರೆ ಸಾಕು, ಔಷಧಿಗೆ ಅದು ಸಾಯುವಷ್ಟರಲ್ಲಿ ನಂಜು ದಾಟಿರುತ್ತದೆ. ಸಸಿಯನ್ನು ನೈಲಾನ್ ಪರದೆಯೊಳಗೇ ಬೆಳೆಸಿ, ಗಿಡಹೇನಿಗೆ ಅಡ್ಡಗೋಡೆಯಾಗಿ ತೋಟದ ಸುತ್ತ ಮುಸುಕಿನ ಜೋಳವನ್ನು ಮೊದಲೇ ಎಬ್ಬಿಸಿಕೊಳ್ಳಿ. ಪಕ್ಕದಲ್ಲಿ ಸೌತೆ, ಕುಂಬಳ ಬೇಡ. ರೆಡ್ ಲೇಡಿ ಈ ರೋಗವನ್ನು ಸ್ವಲ್ಪ ತಾಳಿಕೊಳ್ಳುತ್ತದೆ, ಹಣ್ಣೂ ಒಂದೂವರೆ–ಎರಡು ಕೆಜಿ. ಮಂಡಿಗೆ ಲೋಡ್ ಹಾಕುವವರಿಗೆ ಅದೇ ಸಲೀಸು.