ಮಕ್ಕಳ ಜೊತೆ ಸೇರಿ ಹಳೇ ಕಾರು ಸರಿಮಾಡಬೇಕೆಂದು ಕೊಳ್ಳುತ್ತಿದ್ದೀರಾ? ಮೊದಲು ಅದರ ಅಡಿ ಪರೀಕ್ಷಿಸಿ

ಹದಿಹರೆಯದ ಮಗನನ್ನೋ ಮಗಳನ್ನೋ ಜೊತೆಗೆ ಸೇರಿಸಿಕೊಂಡು ಹಳೇ ಕಾರೊಂದನ್ನು ಮತ್ತೆ ರಸ್ತೆಗಿಳಿಸಬೇಕು ಅಂದುಕೊಂಡಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ವಾನ್ಸ್ ಕೊಡುವ ಮುಂಚೆಯೇ ಓದಿದರೆ ಇನ್ನೂ ಒಳ್ಳೆಯದು. ಹೊಸದಾಗಿ ತುಕ್ಕು ತಡೆಯುವ ಕಪ್ಪು ಅಂಡರ್‌ಕೋಟಿಂಗ್ ಬಳಿದ ತಳವನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಆ ಕಪ್ಪಿನ ಹಿಂದೆ ತಗಡು ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ನನ್ನ ಮಗನ ಎಡಗೈಯ ಎರಡು ಬೆರಳು ಮುರಿದದ್ದು ಅಲ್ಲಿ ತಗಡು ಇರಲಿಲ್ಲವೆಂಬ ಒಂದೇ ಕಾರಣಕ್ಕೆ.

ಮಗನಿಗೆ ಹದಿನೈದು. ಮೊಬೈಲ್ ಬಿಟ್ಟು ಕೈಗೆ ಗ್ರೀಸ್ ಮೆತ್ತಿಕೊಳ್ಳುವ ಕೆಲಸವೊಂದನ್ನು ಅವನೇ ಕೇಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಎರಡು ಬಾಗಿಲಿನ ಸಣ್ಣ ಹಳೇ ಕಾರೊಂದು ಮಾರಾಟಕ್ಕಿತ್ತು. ಇಂಜಿನ್ ಓಡುತ್ತಿತ್ತು, ಕಾಗದ ಪತ್ರ ಸರಿಯಿದ್ದವು, ಚಾಸಿ ನಂಬರ್ ತಾಳೆಯಾಗಿತ್ತು. ನಾವಿಬ್ಬರೂ ನೆಲಕ್ಕೆ ಬಗ್ಗಿ ಟಾರ್ಚ್ ಹಾಕಿ ಅಡಿಯಲ್ಲೂ ನೋಡಿದ್ದೆವು. ಒಂದೇ ಸಮನೆ ಕಪ್ಪಗೆ, ನೀಟಾಗಿತ್ತು. "ತುಕ್ಕು ಹಿಡಿಯದಿರಲಿ ಅಂತ ನಾನೇ ನಿಂತು ಕೋಟಿಂಗ್ ಮಾಡಿಸಿದ್ದೀನಿ ಮೇಡಂ, ಬಾಡಿ ಕಲ್ಲಿದ್ದ ಹಾಗಿದೆ. ಮಕ್ಕಳು ಕಲಿಯೋಕೆ ಇದಕ್ಕಿಂತ ಒಳ್ಳೆ ಗಾಡಿ ಸಿಗಲ್ಲ" ಅಂದರು ಮಾರಿದವರು. ಮಗನನ್ನು ಹತ್ತಿರ ಕರೆದು, ಬಾನೆಟ್ ಎತ್ತಿ, ಕಾರ್ಬ್ಯುರೇಟರ್ ಬಿಚ್ಚೋದು ಹೇಗೆ ಅಂತ ಪ್ರೀತಿಯಿಂದಲೇ ತೋರಿಸಿಕೊಟ್ಟರು. ಆ ಮಾತು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಬ್ರೇಕ್ ಸರಿಮಾಡೋಣ ಅಂತ ಶುರುಮಾಡಿದೆವು. ನೆಲ ಗಟ್ಟಿ ಕಾಂಕ್ರೀಟಿನದು, ಸಮತಟ್ಟಾಗಿತ್ತು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟೆವು. ಮುಂದಿನ ಅಡ್ಡಪಟ್ಟಿಗೆ ಜಾಕಿ ಕೊಟ್ಟು ಎತ್ತಿದೆವು. ಬರೀ ಜಾಕಿಯ ಮೇಲೆ ಎಂದೂ ಕೆಲಸ ಮಾಡಬಾರದು, ಒಳಗಿನ ಎಣ್ಣೆಯ ಸೀಲ್ ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಹೇಳಲಾಗದು. ಹಾಗಾಗಿ ಬಾಗಿಲಿನ ಕೆಳಗೆ ಉದ್ದಕ್ಕೂ ಓಡುವ ಸಿಲ್‌ಗೆ, ಕಂಪನಿಯೇ ಗುರುತು ಮಾಡಿರುವ ಜಾಗದಲ್ಲಿ, ಸ್ಟ್ಯಾಂಡ್ ಇಟ್ಟು ಭಾರವನ್ನು ಅದರ ಮೇಲೆ ಇಳಿಸಿದೆವು. ಬಿಚ್ಚಿದ ಚಕ್ರವನ್ನು ಪಕ್ಕಕ್ಕೆ ಉರುಳಿಸದೆ, ಅಲ್ಲೇ ಸಿಲ್‌ನ ಕೆಳಗೆ ಅಡ್ಡಲಾಗಿ ಮಲಗಿಸಿದೆ. ಸ್ಟ್ಯಾಂಡ್ ಜಾರಿದರೂ ಗಾಡಿ ಚಕ್ರದ ಮೇಲೆ ಕೂರಲಿ ಅಂತ. ಇದೊಂದು ಅಭ್ಯಾಸವನ್ನು ನೀವೂ ಇಟ್ಟುಕೊಳ್ಳಿ. ನನ್ನ ಮಗನಿಗೆ ಇವತ್ತು ಕೈ ಉಳಿದಿದ್ದರೆ ಅದರಿಂದಲೇ.

ಹಳೇ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಆ ಧೂಳನ್ನು ಊದಬಾರದು, ಗಾಳಿ ಪಂಪ್ ಹಿಡಿಯಬಾರದು, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಮಗ ಮಾಸ್ಕ್ ಹಾಕಿಕೊಂಡು ಹಾಗೇ ಒರೆಸುತ್ತಿದ್ದ. ನಟ್ಟುಗಳು ಕಳೆಯದಿರಲಿ ಅಂತ ಸ್ಟೀಲಿನ ತಟ್ಟೆಯೊಂದನ್ನು ಬ್ರೇಕ್ ಡ್ರಮ್ಮಿನ (ಚಕ್ರದ ಹಿಂದಿರುವ ದುಂಡನೆಯ ಲೋಹದ ಡಬ್ಬಿಯ) ನೇರ ಕೆಳಗೆ ಇಟ್ಟುಕೊಂಡಿದ್ದ. ಎಡಗೈಯನ್ನು ಡ್ರಮ್ಮಿನ ಅಡಿಗೆ ಕೊಟ್ಟು, ಬಲಗೈಯಲ್ಲಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದಾಗ, ಒಣ ಎಲೆ ತುಳಿದ ಹಾಗೆ ಕರಕರ ಸದ್ದು ಬಂತು. ಸ್ಟ್ಯಾಂಡ್ ಜಾರಲಿಲ್ಲ, ವಾಲಲಿಲ್ಲ. ಇದ್ದಲ್ಲೇ ನೆಟ್ಟಗೆ ನಿಂತು, ಅದರ ತಲೆ ಸಿಲ್‌ನೊಳಗೆ ಹೊಕ್ಕಿಬಿಟ್ಟಿತು. ಕಾರು ದೊಪ್ಪೆಂದು ಚಕ್ರದ ಮೇಲೆ ಕೂತಿತು. ಡ್ರಮ್ಮಿನ ಅಂಚಿಗೂ ತಟ್ಟೆಯ ಅಂಚಿಗೂ ನಡುವೆ ಅವನ ಉಂಗುರದ ಬೆರಳು, ಕಿರುಬೆರಳು ಸಿಕ್ಕಿಕೊಂಡವು. ಜಾಕಿ ಇನ್ನೂ ಅಡ್ಡಪಟ್ಟಿಯ ಕೆಳಗೇ ಇತ್ತು. ನಾನು ಅದನ್ನು ಒತ್ತಿ ಗಾಡಿ ಎತ್ತುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು, ಅಳಲೂ ಇಲ್ಲ. ಚಕ್ರ ಅಲ್ಲಿರದಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಲು ನನಗೆ ಇಷ್ಟವಿಲ್ಲ. ಹಗುರ ಕಾರೆಂದು ಹೆಸರಾದ ಹಳೇ ಮಿನಿ ಕೂಡ ಸುಮಾರು 600 ಕಿಲೋ ತೂಗುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ ಸಿಲ್‌ನ ತೂತಿಗೆ ಟಾರ್ಚ್ ಹಿಡಿದೆ. ಹೊರಗೆ ರಬ್ಬರಿನಂಥ ಕಪ್ಪು ಪದರ. ಅದರ ಹಿಂದೆ ಬೆರಳು ದಪ್ಪ ಪುಟ್ಟಿ, ಅಂದರೆ ತಗ್ಗು ಮುಚ್ಚಲು ಮೆತ್ತುವ ಪೇಸ್ಟ್. ಪುಟ್ಟಿ ಹಿಡಿದುಕೊಳ್ಳಲೆಂದು ಸಣ್ಣ ತಂತಿ ಜಾಲರಿ. ಒಳಗೆ ಹಳದಿ ಸ್ಪ್ರೇ ಫೋಮ್. ಫೋಮಿಗೂ ಒಳಗೆ ಉಂಡೆಕಟ್ಟಿ ತುರುಕಿದ ದಿನಪತ್ರಿಕೆ. ಕಬ್ಬಿಣ ಅನ್ನುವುದು ಅಲ್ಲಲ್ಲಿ ಚೂರುಚೂರಾಗಿ ಕಂದು ಹುಡಿಯಾಗಿ ಉಳಿದಿತ್ತು ಅಷ್ಟೇ, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಪತ್ರಿಕೆಯ ಹಾಳೆಯನ್ನು ಮೆಲ್ಲಗೆ ಬಿಡಿಸಿದೆ. ಮೇಲ್ಗಡೆ ತಾರೀಖು ಇತ್ತು. ನಾವು ಕಾರು ತಂದ ಹಿಂದಿನ ತಿಂಗಳಿನದು.

ಅಂದರೆ ಇದು ಯಾವುದೋ ಕಾಲದಲ್ಲಿ ಯಾರೋ ಮಾಡಿದ ತೇಪೆಯಲ್ಲ. ಮಾರುವುದಕ್ಕೆಂದೇ ಮಾಡಿಸಿದ್ದು. ಮಾರಿದವರಿಗೆ ಫೋಟೋ ಕಳಿಸಿ ಫೋನ್ ಮಾಡಿದರೆ, "ಹಳೇ ಗಾಡಿ ಮೇಡಂ, ನೋಡಿಯೇ ತಗೊಂಡಿದ್ದೀರಲ್ಲ" ಅಂದರು. ಎರಡನೇ ಸಲ ಎತ್ತಲಿಲ್ಲ. ದುಡ್ಡು ಹೋಯಿತು, ಅದರ ದುಃಖ ಬೇರೆ. ಆದರೆ ಮಗ ಕೈಗೆ ಕಟ್ಟು ಹಾಕಿಸಿಕೊಂಡು ಕೂತಿದ್ದವನು ಒಂದು ರಾತ್ರಿ ಕೇಳಿದ: "ಅಮ್ಮಾ, ಇದರ ಅಡಿಯಲ್ಲಿ ನಾನು ಕೂತ್ಕೊಂಡು ಕೆಲಸ ಮಾಡ್ತೀನಿ ಅಂತ ಅವರಿಗೆ ಗೊತ್ತಿತ್ತಲ್ವಾ?" ಗೊತ್ತಿತ್ತು ಕಣೋ, ಅನ್ನುವುದು ಬಿಟ್ಟು ನನ್ನ ಬಳಿ ಬೇರೆ ಉತ್ತರ ಇರಲಿಲ್ಲ.

ಯಾಕೆ ಇಷ್ಟು ಹೇಳುತ್ತಿದ್ದೇನೆಂದರೆ, ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಇಂಥ ಗಾಡಿಗಳನ್ನು ಬೇಕೆಂದೇ ತೋರಿಸುತ್ತಾರೆ. "ಕಲಿಯೋಕೆ ಒಳ್ಳೇದು", "ತೊಂಬತ್ತು ಭಾಗ ಕೆಲಸ ಮುಗಿದಿದೆ, ಬಣ್ಣ ಹೊಡೆಯೋದಷ್ಟೇ ಬಾಕಿ" ಅನ್ನುವ ಮಾತುಗಳ ಹಿಂದೆ, ಪಳಗಿದ ಟಿಂಕರ್ (ಬಾಡಿಯ ತಗಡು ಕೆಲಸದವರು) ಯಾರೂ ಮುಟ್ಟದ ಗಾಡಿ ಇರಬಹುದು. ನಾವೋ, ಮಗುವಿನ ಮುಖದಲ್ಲಿ ಅರಳಿದ ಆಸೆ ನೋಡುತ್ತಾ ನಿಂತಿರುತ್ತೇವೆ. ಕೊನೆಗೆ ಸಂದಿಗೆ ತೂರಲು ಮೈ ಸಣ್ಣಗಿದೆ ಅಂತ ಅಡಿಗೆ ಹೋಗುವುದೂ ಆ ಮಗುವೇ. ಅನುಭವಸ್ಥ ಮೆಕ್ಯಾನಿಕ್ ಕರಕರ ಅನ್ನುವ ಮೊದಲ ಸದ್ದಿಗೇ ಹೊರಗೆ ಜಾರುತ್ತಾನೆ. ಹದಿನೈದರ ಹುಡುಗ ಸದ್ದು ಎಲ್ಲಿಂದ ಬಂತು ಅಂತ ಬಗ್ಗಿ ನೋಡುತ್ತಾನೆ.

ಗಾಡಿಯ ಕಟ್ಟೋಣದ ಬಗ್ಗೆ ಸ್ವಲ್ಪ ತಿಳಿದಿರಬೇಕು. ಹಳೇ ಜೀಪಿನಂಥವಕ್ಕೆ ಏಣಿಯಾಕಾರದ ಗಟ್ಟಿ ಚಾಸಿ ಇರುತ್ತದೆ. ಬಾಡಿ ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು. ಬಾಡಿಯ ಬಾಗಿಲಡಿ ಕೊಳೆತರೂ ಚಾಸಿ ನಿಲ್ಲಬಹುದು, ಆದರೆ ಚಾಸಿಯನ್ನೂ ಬಡಿದು ನೋಡಲೇಬೇಕು. ಸಿಟ್ರೊಯೆನ್ 1934ರಲ್ಲಿ ತಂದ ಟ್ರಾಕ್ಷನ್ ಅವಾಂ, 1959ರ ಮಿನಿ, ಆಮೇಲೆ ಬಂದ ಬಹುತೇಕ ಸಣ್ಣ ಕಾರುಗಳಿಗೆ ಹಾಗೆ ಬೇರೆ ಚಾಸಿ ಇಲ್ಲ. ತಗಡಿನ ಡಬ್ಬಿಗಳನ್ನು ಬೆಸೆದು ಮಾಡಿದ ಬಾಡಿಯೇ ಚಾಸಿ. ಆ ಡಬ್ಬಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಭಾರ ಹೊರುವವುಗಳಲ್ಲಿ ಸಿಲ್ ಒಂದು. ನೀರು, ಕೆಸರು ಹೋಗಿ ನಿಲ್ಲುವುದೂ ಅದರಲ್ಲೇ. ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಕೆಳಗೆ ಬೇರೆ ತಳಹದಿ ಇದ್ದರೂ, ಬಾಗಿಲಡಿ ಬಿಸಿಗಾಳಿ ಸಾಗಿಸುವ ಕೊಳವೆಯಂಥ ಭಾಗ ಬಾಡಿಗೆ ಬಲ ಕೊಡುತ್ತದೆ, ಅದೂ ತುಕ್ಕಿಗೆ ಹೆಸರುವಾಸಿ. 1980ರ ದಶಕಕ್ಕೆ ಮುಂಚಿನ ಬಹುಪಾಲು ಕಾರುಗಳ ತಗಡಿಗೆ ಸತುವಿನ ಲೇಪನವೇ ಇರಲಿಲ್ಲ. ತಗಡಿನ ದಪ್ಪವೋ, ಹೆಚ್ಚೂಕಡಿಮೆ ಒಂದು ಮಿಲಿಮೀಟರ್. ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತದೆ. ಹೊರಗೆ ಬಣ್ಣದ ಮೇಲೆ ಗುಳ್ಳೆ ಕಂಡಿತೆಂದರೆ ಒಳಗೆ ಕೆಲಸ ಮುಗಿದಿದೆ ಅಂತಲೇ ತಿಳಿಯಿರಿ.

ಇನ್ನು ಪರೀಕ್ಷೆ. ಸಣ್ಣ ಮ್ಯಾಗ್ನೆಟ್ ಒಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಜೇಬಲ್ಲಿ ಇಟ್ಟುಕೊಂಡು ಹೋಗಿ. ಛಾವಣಿಯ ತಗಡಿಗೆ ಮೊದಲು ಹಚ್ಚಿ ಎಷ್ಟು ಬಲವಾಗಿ ಹಿಡಿಯುತ್ತದೆ ನೋಡಿ, ಆಮೇಲೆ ಸಿಲ್‌ನ ಮೇಲೆ ಅಂಗುಲ ಅಂಗುಲವಾಗಿ ಸರಿಸಿ. ಪುಟ್ಟಿ ಇದ್ದ ಕಡೆ ಹಿಡಿತ ಸಡಿಲವಾಗುತ್ತದೆ, ಇಲ್ಲವೇ ಕೆಳಗೆ ಬೀಳುತ್ತದೆ. ದಪ್ಪ ಕೋಟಿಂಗ್ ಇದ್ದರೂ ಹಿಡಿತ ಕಡಿಮೆಯಾಗುತ್ತದೆ, ಹಾಗಾಗಿ ಮ್ಯಾಗ್ನೆಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯಿರಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಪುಟ್ಟಿ ದಬ್ ಅನ್ನುತ್ತದೆ, ಫೋಮ್ ತುಂಬಿದ ಜಾಗ ಸದ್ದನ್ನೇ ನುಂಗಿಬಿಡುತ್ತದೆ. ಸಿಲ್‌ನ ಕೆಳ ಅಂಚಿನಲ್ಲಿ ನೀರು ಬಸಿಯಲು ಕಂಪನಿಯವರು ಬಿಟ್ಟ ಸಣ್ಣ ತೂತುಗಳಿರುತ್ತವೆ. ಅವು ಮುಚ್ಚಿಹೋಗಿದ್ದರೆ ಯಾರೋ ಅಲ್ಲಿ ಕೈ ಆಡಿಸಿದ್ದಾರೆ. ಸುತ್ತಲ ಬೋಲ್ಟ್‌ಗಳು ತುಕ್ಕು ಹಿಡಿದು, ಪಕ್ಕದ ಕೋಟಿಂಗ್ ಮಾತ್ರ ಹೊಳೆಯುತ್ತಿದ್ದರೆ ಅದೂ ಅಷ್ಟೇ. ಒಳಗಿನ ಕಾರ್ಪೆಟ್ ಎತ್ತಿಸಿ, ಸೀಟ್ ಬೆಲ್ಟ್‌ನ ಬೋಲ್ಟ್ ಕೂತಿರುವ ಜಾಗವನ್ನೂ ಬಡಿದು ನೋಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಬೇರೆಯದು. ಬಾಗಿಲು ಮುಚ್ಚಿಕೊಂಡು ಬಾಗಿಲಿಗೂ ಬಾಡಿಗೂ ನಡುವಿನ ಸಂದಿಯನ್ನು ಮೇಲಿಂದ ಕೆಳಗೆ ನೋಡಿಟ್ಟುಕೊಳ್ಳಿ. ಮಾರುವವರ ಕೈಲೇ ಜಾಕಿ ಹಾಕಿಸಿ, ಸಿಲ್‌ನ ಗುರುತಿನ ಜಾಗದಲ್ಲೇ, ಒಂದು ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಿಸಿ. ಎಲ್ಲರೂ ದೂರ ನಿಂತಿರಿ, ಮಕ್ಕಳಂತೂ ಹತ್ತಿರ ಬೇಡ. ಸಂದಿಯ ಅಳತೆ ಬದಲಾದರೆ, ಬಾಗಿಲು ತೆರೆಯಲು ಬಿಗಿಯಾದರೆ, ಬಾಡಿ ಬಾಗುತ್ತಿದೆ. ಜಾಕಿ ಹಾಕುವುದು ಬೇಡ, ಬಡಿಯುವುದು ಬೇಡ, ಬಣ್ಣ ಹಾಳಾಗುತ್ತೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಕೋಟಿಂಗ್ ಮಾಡಿಸಿದವರು ಅದಕ್ಕೂ ಮುಂಚಿನ ಬರಿ ತಗಡಿನ ಫೋಟೋ ತೋರಿಸಲಿ. ಪ್ರಾಮಾಣಿಕವಾಗಿ ಕೆಲಸ ಮಾಡಿಸಿದವರು ಅದನ್ನು ಹೆಮ್ಮೆಯಿಂದ ಇಟ್ಟುಕೊಂಡಿರುತ್ತಾರೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಇಂಜಿನ್ ಮೆಕ್ಯಾನಿಕ್‌ಗಿಂತ ಟಿಂಕರ್ ಕೆಲಸದವರೇ ಮೇಲು. ಕೆಟ್ಟ ಇಂಜಿನ್ ಬಿಚ್ಚಿ ಸರಿಮಾಡಬಹುದು, ಮಕ್ಕಳಿಗೆ ಅದೇ ದೊಡ್ಡ ಪಾಠವೂ ಆಗುತ್ತದೆ. ಕೊಳೆತ ಬಾಡಿ ಮನೆಯ ಶೆಡ್ಡಿನಲ್ಲಿ ಸರಿಹೋಗುವಂಥದ್ದಲ್ಲ.

ನಮ್ಮ ಕಾರಿನ ಇನ್ನೊಂದು ಬದಿಯನ್ನು ಟಿಂಕರ್ ಒಬ್ಬರು ಕತ್ತರಿಸಿ ತೋರಿಸಿದರು, ಅಲ್ಲೂ ಅದೇ ಕಥೆ. ಬಾಡಿಯನ್ನು ಗುಜರಿಗೆ ಹಾಕಿದೆವು, ಇಂಜಿನ್ ಮತ್ತು ಗೇರ್ ಬಾಕ್ಸ್ ಉಳಿಸಿಕೊಂಡೆವು. ಮಗನ ಬೆರಳು ಕೂಡಿಕೊಂಡಿವೆ, ಕಿರುಬೆರಳು ಪೂರ್ತಿ ಮಡಚಲು ಬರುವುದಿಲ್ಲ. ತುಂಬಾ ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಈಗ ಮೇಜಿನ ಮೇಲಿಟ್ಟ ಇಂಜಿನ್ನಿನ ವಾಲ್ವ್‌ಗಳನ್ನು ಉಜ್ಜಿ ಕೂರಿಸುತ್ತಿದ್ದಾನೆ, ನಾನು ಪಕ್ಕದಲ್ಲಿ ಕೂತು ಕೈಗೆ ಬೇಕಾದ್ದು ಕೊಡುತ್ತೇನೆ. ಗಾಡಿಯ ಅಡಿಗೆ ಹೋಗು ಅಂತ ನಾನು ಹೇಳಿಲ್ಲ, ಅವನೂ ಹೋಗಿಲ್ಲ.

ಈಗಾಗಲೇ ಇಂಥ ಗಾಡಿ ಮನೆಗೆ ಬಂದು ನಿಂತಿದ್ದರೆ ಒಂದು ಮಾತು. ಕೊಳೆತಿದೆ ಅಂತ ಗೊತ್ತಾದ ಕೂಡಲೇ ತಗಡಿನ ತೇಪೆ ಹಾಕಿ ವೆಲ್ಡ್ ಮಾಡಲು ಹೋಗಬೇಡಿ. ಸಿಲ್‌ನೊಳಗೆ ಫೋಮ್ ಇದ್ದರೆ ವೆಲ್ಡಿಂಗ್ ಕಿಡಿಗೆ ಅದು ಒಳಗೊಳಗೇ ಹೊತ್ತಿಕೊಳ್ಳುತ್ತದೆ. ಈ ಫೋಮ್ ಪಾಲಿಯುರೆಥೇನ್‌ನದು, ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಆ ಹೊಗೆ ಜೀವಕ್ಕೇ ಅಪಾಯ. ಮೊದಲು ಪೆಟ್ರೋಲ್ ಟ್ಯಾಂಕನ್ನೂ ಪೈಪುಗಳನ್ನೂ ಬಿಚ್ಚಿ ಹೊರಗಿಡಿ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ, ಫೋಮನ್ನು ಕೈಯಿಂದ ಕೊನೆಯ ಚೂರಿನ ತನಕ ಕೆರೆದು ತೆಗೆಯಿರಿ. ಕತ್ತರಿಸುವ ಮುಂಚೆ ಬಾಡಿ ಬಾಗದಂತೆ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಕೊಡಿಸಿ. ಸ್ಟ್ಯಾಂಡನ್ನು ಸಿಲ್‌ಗೆ ಕೊಡದೆ ಸಸ್ಪೆನ್ಷನ್ ಕೂರುವ ಗಟ್ಟಿ ಜಾಗಗಳಿಗೆ ಕೊಡಿ, ಅದೂ ಬಡಿದು ಖಾತ್ರಿ ಮಾಡಿಕೊಂಡ ಮೇಲೆ. ಈ ಹಂತದ ಕೆಲಸ ಬಲ್ಲ ಟಿಂಕರ್ ಕೈಯಲ್ಲೇ ಆಗಲಿ. ಮಕ್ಕಳು ಅಷ್ಟು ದಿನ ಕಾರ್ಬ್ಯುರೇಟರ್ ತೊಳೆಯಲಿ, ವೈರಿಂಗ್ ನಕ್ಷೆ ಬಿಡಿಸಲಿ, ಸೀಟು ಹೊಲಿಯಲಿ.