ಗೋಲ್ಡ್ ರಿಂಗ್ ಜಿಗ್: ಡಿ ಪಾಠ ಕಲಿಯಬೇಕೋ, ಜಿ ಪಾಠವೋ?

ಐರ್ಲೆಂಡಿನ ಈ ಜಿಗ್‌ಗೆ (ಚುರುಕು ಕುಣಿತದ ಧಾಟಿಗೆ) ಎರಡು ಪ್ರಸಿದ್ಧ ಪಾಠಗಳಿವೆ, ಅಂದರೆ ಎರಡು ರೂಪಗಳು: ಒಂದು ಡಿ ಶ್ರುತಿಯಲ್ಲಿ, ಇನ್ನೊಂದು ಜಿ ಶ್ರುತಿಯಲ್ಲಿ. ಹೆಸರು ಒಂದೇ, ನಡೆ ಬೇರೆ. ಹುಟ್ಟಿನ ಬಗ್ಗೆ ಇರುವುದು ಕಥೆ ಮಾತ್ರ: ಯಕ್ಷಿಣಿಯರು ಕಳೆದುಕೊಂಡ ಚಿನ್ನದುಂಗುರವನ್ನು ಬ್ಯಾಗ್‌ಪೈಪ್ ವಾದಕನೊಬ್ಬ ಹಿಂದಿರುಗಿಸಿದಾಗ ಈ ಧಾಟಿ ಅವನಿಗೆ ಬಹುಮಾನವಾಗಿ ಸಿಕ್ಕಿತಂತೆ. ದಾಖಲೆ ಕೇಳಬೇಡಿ!

ಡಿ ಪಾಠ ಇಲಿಯನ್ ಪೈಪ್ಸ್ (ಐರ್ಲೆಂಡಿನ ಬ್ಯಾಗ್‌ಪೈಪ್) ನುಡಿಸುವವರ ಅಚ್ಚುಮೆಚ್ಚು. ಸಾಮಾನ್ಯವಾಗಿ ಏಳು ಭಾಗ. ಕೆಲವರು ಒಂದೆರಡು ಬಿಡುತ್ತಾರೆ. ಒಂದೊಂದು ಭಾಗ 6/8 ತಾಳದಲ್ಲಿ 8 ಬಾರ್ (ತಾಳದ ಆವರ್ತ), ಅದನ್ನು ಎರಡೆರಡು ಸಲ ನುಡಿಸಿದರೆ ಒಂದು ಸುತ್ತಿಗೇ 112 ಬಾರ್. ಇದರ ಸೊಗಸೆಲ್ಲ ಸಿ ಸ್ವರದಲ್ಲಿದೆ. ಡಿ ಷಡ್ಜವೆಂದುಕೊಂಡರೆ ಸಿ ನ್ಯಾಚುರಲ್ ನಮ್ಮ ಕೈಶಿಕಿ ನಿಷಾದ (ಕೆಳಗಿನ ನಿ), ಸಿ ಶಾರ್ಪ್ ಕಾಕಲಿ (ಮೇಲಿನ ನಿ). ಯಾವುದು ಎಲ್ಲಿ ಎಂಬುದು ವಾದಕರಿಂದ ವಾದಕರಿಗೆ ಬದಲಾಗುತ್ತದೆ. ಸ್ವರಲಿಪಿ ನೋಡಿ ಕಲಿತರೆ ಆ ಮಜಾ ತಪ್ಪಿಹೋಗುತ್ತದೆ.

ಜಿ ಪಾಠದಲ್ಲಿ ಭಾಗಗಳು ಕಡಿಮೆ. ಪಿಟೀಲು, ಕೊಳಲಿಗೆ ಸಲೀಸು.

ಡಿ ಟಿನ್ ವಿಸಲ್‌ನಲ್ಲಿ (ಡಿ ಶ್ರುತಿಯ ಪುಟ್ಟ ಪೀಪಿಯಲ್ಲಿ) ಎರಡೂ ಬರುತ್ತವೆ. ಹೊಸಬರು ಜಿ ಹಿಡಿಯಿರಿ. ನೆನಪು ಗಟ್ಟಿಯಿದ್ದು, ಒಬ್ಬರೇ ಕೂತು ನುಡಿಸುವ ಹಂಬಲವಿದ್ದರೆ ಮಾತ್ರ ಡಿ. ಸೆಷನ್‌ನಲ್ಲಿ (ಹಲವರು ಕೂಡಿ ನುಡಿಸುವ ಕೂಟದಲ್ಲಿ) ಶುರುಮಾಡುವ ಮುನ್ನ ಯಾವ ಪಾಠವೆಂದು ಪಕ್ಕದವರಿಗೆ ಹೇಳಿಬಿಡಿ.