ಅಂಬಾಸಿಡರ್, ಜೀಪು, ಪದ್ಮಿನಿ, ಮಾರುತಿ 800: ಕ್ಲಚ್ಚು ಗೇರು ಕಲಿಯೋಕೆ ಯಾವ್ದು ವಾಸಿ

ಹಳೇ ಗಾಡಿಲಿ ಕಲಿತವ್ನು ಯಾವ ಗಾಡಿ ಕೊಟ್ರೂ ಓಡಿಸ್ತಾನೆ ಅಂತ ಒಂದು ಮಾತಿದೆ, ನಮ್ಮ ಕಡೆ ಡ್ರೈವರ್‌ಗಳ ಬಾಯಲ್ಲಂತೂ ಇದು ಯಾವಾಗ್ಲೂ ಇರತ್ತೆ. ನಂಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಹಳೇ ಗಾಡಿ ಅಂದ್ರೆ ಎಲ್ಲಾ ಒಂದೇ ತರ ಇರ್ಲಿಲ್ಲ, ಒಂದೊಂದು ಗಾಡಿ ಒಂದೊಂದು ವಿಷಯ ಚೆನ್ನಾಗಿ ಕಲಿಸ್ತಿತ್ತು, ಇನ್ನೊಂದು ವಿಷಯ ಕಲಿಯೋಕೇ ಬಿಡ್ತಿರ್ಲಿಲ್ಲ. 90ರ ದಶಕದಲ್ಲಿ ತೀರ್ಥಹಳ್ಳಿ ಹತ್ರ ಊರಲ್ಲಿ ಮಾವನ ಅಂಬಾಸಿಡರ್, ಪಕ್ಕದ ತೋಟದವರ ಜೀಪು, ಲೈಸೆನ್ಸಿಗೆ ಅಂತ ಶಿವಮೊಗ್ಗದಲ್ಲಿ ಡ್ರೈವಿಂಗ್ ಸ್ಕೂಲಿನ ಮಾರುತಿ 800, ಬೆಂಗಳೂರಿಗೆ ಬಂದ್ಮೇಲೆ ಸ್ನೇಹಿತನ ಮನೆ ಪ್ರೀಮಿಯರ್ ಪದ್ಮಿನಿ, ಹೀಗೆ ನಾಲ್ಕರಲ್ಲೂ ಕೈ ಪಳಗಿಸ್ಕೊಂಡವನು ನಾನು, ಅದಕ್ಕೇ ಇವನ್ನ ಪಕ್ಕ ಪಕ್ಕ ಇಟ್ಟು ಬರೀಬೇಕು ಅನ್ನಿಸ್ತು.

ಮೊದ್ಲೇ ಹೇಳ್ಬಿಡ್ತೀನಿ, ಕ್ಲಚ್ ಕಲಿಯೋಕೆ ಮಾರುತಿ 800 ಬಿಟ್ರೆ ಇಲ್ಲ, ಗೇರ್ ಕಲಿಯೋಕೆ ಅಂಬಾಸಿಡರ್. ಇಷ್ಟು ಕೇಳಿದ್ರೆ ಜೀಪಿನವರು ಜಗಳಕ್ಕೆ ಬರ್ತಾರೆ ಅಂತ ಗೊತ್ತು, ಅವರಿಗೆ ಉತ್ತರ ಮುಂದೆ ಇದೆ.

ಅಂಬಾಸಿಡರ್‌ನಿಂದ ಶುರು ಮಾಡೋಣ. ಈಗಿನ ಹುಡುಗ್ರು ಒಳಗೆ ಕೂತ್ರೆ ಮೊದ್ಲು ಗೇರ್ ಎಲ್ಲಿ ಅಂತ ಹುಡುಕ್ತಾರೆ, ಯಾಕಂದ್ರೆ ಹಳೇ ಮಾಡೆಲ್ಲುಗಳಲ್ಲಿ ಅದು ನೆಲದಲ್ಲಿ ಇಲ್ಲ, ಸ್ಟೀರಿಂಗ್ ಕೆಳಗೆ ಎಡಗಡೆಗೆ ಚಾಚಿಕೊಂಡಿರೋ ಒಂದು ಉದ್ದ ಕಡ್ಡಿ. ನೆಲದ ಗೇರಲ್ಲಿ ಮಲಗಿರೋ ಎಚ್ ಆಕಾರ ಇಲ್ಲಿ ಎದ್ದು ನಿಂತಿರತ್ತೆ, ಒಂದು ಎರಡಕ್ಕೆ ಕಡ್ಡಿನ ನಮ್ಮ ಕಡೆ ಎಳ್ಕೋಬೇಕು, ಮೂರು ನಾಲ್ಕಕ್ಕೆ ಆ ಕಡೆ ಬಿಡ್ಬೇಕು, ಆ ಎರಡರ ಮಧ್ಯದ ದಾರಿ ಕೈಗೆ ಸಿಗೋವರೆಗೂ ಎರಡ್ರಿಂದ ಮೂರಕ್ಕೆ ಹಾಕೋದು ಯಾರಿಗೂ ಸುಲಭ ಅಲ್ಲ. ಅದ್ರ ಜೊತೆ ಇನ್ನೊಂದು, ಆ ಹಳೇ ಗೇರ್ ಬಾಕ್ಸಲ್ಲಿ ಫಸ್ಟ್ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಅಂದ್ರೆ ಎರಡು ಹಲ್ಲಿನ ಚಕ್ರ ಒಂದಕ್ಕೊಂದು ಕಚ್ಕೊಳ್ಳೋಕೆ ಮುಂಚೆ ಅವುಗಳ ಸ್ಪೀಡು ಸಮ ಮಾಡೋ ಹಿತ್ತಾಳೆ ರಿಂಗು ಉಳಿದ ಗೇರುಗಳಿಗೆ ಇತ್ತು, ಫಸ್ಟಿಗೆ ಇರ್ಲಿಲ್ಲ, ಆ ಕೆಲಸ ಡ್ರೈವರ್ ಕಾಲಲ್ಲೇ ಮಾಡ್ಬೇಕು.

ಹೇಗೆ ಅಂದ್ರೆ, ಗಾಡಿ ಇನ್ನೂ ಉರುಳ್ತಾ ಇರೋವಾಗ ಫಸ್ಟ್ ಬೇಕು ಅಂತಿಟ್ಕೊಳ್ಳಿ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಡೋದು, ಎಕ್ಸಿಲೇಟರ್ ಒಂದ್ ಸಲ ಚುಟುಕಾಗಿ ತುಳಿದು ಇಂಜಿನ್ ಏರಿಸೋದು, ಮತ್ತೆ ಕ್ಲಚ್ ಒತ್ತಿ ಆ ಕ್ಷಣದಲ್ಲೇ ಕಡ್ಡಿನ ಫಸ್ಟಿಗೆ ಸರಿಸೋದು. ಡಬಲ್ ಕ್ಲಚ್ ಅಂತಾರಲ್ಲ, ಅದೇ ಇದು. ಸರಿಯಾಗಿ ಬಿದ್ರೆ ಕೈಗೆ ಏನೂ ತಾಗೋದೇ ಇಲ್ಲ, ಬೆಣ್ಣೆಲಿ ಚಾಕು ಹಾಕಿದ ಹಾಗೆ ಹೋಗತ್ತೆ, ಇಲ್ಲಾಂದ್ರೆ ಗರ್ರ್ ಅಂತ ಶಬ್ದ ಬಂದು ಕಡ್ಡಿ ವಾಪಸ್ ಕೈಗೇ ಹೊಡಿಯತ್ತೆ. ಮಾವ ಪಕ್ಕದ ಸೀಟಲ್ಲಿ ಕೂತು ಕಾಲಿನ ಕಡೆ ನೋಡೋಕೇ ಬಿಡ್ತಿರ್ಲಿಲ್ಲ, "ಎಂತ ಕೆಳಗೆ ನೋಡದು ಮಾರಾಯ, ಕಿವಿ ಕೊಡು, ಶಬ್ದ ಏರ್ತಾ ಇಳೀತಾ ಇರ್ತದಲ ಅದು ಕೇಳು" ಅಂತಿದ್ರು. ಆ ಗಾಡಿಲಿ ಇಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ ಅಂತ ತೋರಿಸೋ ಟ್ಯಾಕೋಮೀಟರ್ ಅನ್ನೋದೇ ಇಲ್ಲ, ಕಿವಿನೇ ಮೀಟರು. ಇವತ್ತಿಗೂ ನಾನು ಯಾವ ಕಾರಲ್ಲಿ ಕೂತ್ರೂ ಮೀಟರ್ ನೋಡಿ ಗೇರ್ ಬದಲಾಯಿಸಲ್ಲ, ಇದು ಅಂಬಾಸಿಡರ್ ಕೊಟ್ಟಿದ್ದು, ಬೇರೆ ಮೂರರಲ್ಲಿ ಯಾವುದೂ ಇದನ್ನ ಇಷ್ಟು ಚೆನ್ನಾಗಿ ಕೊಡಲ್ಲ.

ಆದ್ರೆ ಕ್ಲಚ್ ವಿಷಯದಲ್ಲಿ ಅಂಬಾಸಿಡರ್ ತುಂಬಾ ಕ್ಷಮಿಸೋ ಗಾಡಿ. ಅದ್ರ 1489 ಸಿಸಿ ಇಂಜಿನ್ನು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾಲದ್ದು, ಪಿಸ್ಟನ್ ಓಡಾಡೋ ಉದ್ದ ಜಾಸ್ತಿ, ಅದಕ್ಕೆ ಕಮ್ಮಿ ಸ್ಪೀಡಲ್ಲೇ ಒಳ್ಳೆ ಎಳೆತ. ಕ್ಲಚ್ ಸ್ವಲ್ಪ ದಡ್ ಅಂತ ಬಿಟ್ರೂ ಒಂದ್ ಸಲ ನಡುಗಿ ಮುಂದಕ್ಕೆ ಹೋಗ್ತಿತ್ತು, ಆಫ್ ಆಗ್ತಿದ್ದದ್ದು ಅಪರೂಪ. ಟಾಪ್ ಗೇರಲ್ಲಿ 25ರ ಸ್ಪೀಡಿಗೆ ಇಳಿದ್ರೂ ಗೊಣಗಾಡ್ಕೊಂಡು ಎಳೀತಿತ್ತು. ಡೀಸೆಲ್ ಅಂಬಾಸಿಡರ್ ಆದ್ರಂತೂ ಇನ್ನೂ ಹೆಚ್ಚು. ಇದ್ರಲ್ಲಿ ಮಾತ್ರ ಕಲಿತವರಿಗೆ ಕ್ಲಚ್ ಎಲ್ಲಿ ಕಚ್ಚತ್ತೆ, ಅಂದ್ರೆ ಪೆಡಲ್ ಎಷ್ಟು ಬಿಟ್ಟಾಗ ಇಂಜಿನ್ ಎಳೆತ ಚಕ್ರಕ್ಕೆ ಸಿಗೋಕೆ ಶುರುವಾಗತ್ತೆ ಅನ್ನೋ ಸೂಕ್ಷ್ಮ ಕಾಲಿಗೆ ಬರೋದು ಕಷ್ಟ.

ಜೀಪಿನ ಕಥೆ ಇನ್ನೂ ಮುಂದೆ ಹೋಗತ್ತೆ. ತೋಟದವರದ್ದು ಹಳೇ ಮಹೀಂದ್ರ ಸಿಜೆ 3ಬಿ, ಮೂಲದಲ್ಲಿ ಪೆಟ್ರೋಲಿಂದು, ಮಲೆನಾಡಲ್ಲಿ ಎಷ್ಟೋ ಜೀಪುಗಳಿಗೆ ಮಾಡಿದ ಹಾಗೆ ಇದಕ್ಕೂ ಡೀಸೆಲ್ ಇಂಜಿನ್ ಕೂರಿಸಿದ್ರು. ನೆಲದ ಮೇಲೆ ಮೂರು ಲಿವರ್, ಉದ್ದದ್ದು ಗೇರಿಂದು, ಅದ್ರ ಪಕ್ಕ ಎರಡು ಗಿಡ್ಡ ಲಿವರ್, ಒಂದು ಮುಂದಿನ ಚಕ್ರಕ್ಕೂ ಶಕ್ತಿ ಕೊಡೋದು, ಇನ್ನೊಂದು ಹೈ ಲೋ, ಅಂದ್ರೆ ಮಾಮೂಲಿ ಓಟ ಬೇಕೋ ನಿಧಾನದ ಜೋರು ಎಳೆತ ಬೇಕೋ ಅಂತ ಆರಿಸೋದು. ಮುಂದಕ್ಕೆ ಹೋಗೋಕೆ ಮೂರೇ ಗೇರು. ಲೋಗೆ ಹಾಕಿದ್ರೆ ಎಲ್ಲಾ ಗೇರಲ್ಲೂ ಸ್ಪೀಡು ಸುಮಾರು ಎರಡೂವರೆ ಪಟ್ಟು ಇಳಿದು ಎಳೆತ ಅಷ್ಟೇ ಏರತ್ತೆ, ಆಗ ಎಕ್ಸಿಲೇಟರ್ ಮುಟ್ಟದೇ ಕ್ಲಚ್ ಬಿಟ್ರೂ ಸಾಕು, ಗಾಡಿ ಮನುಷ್ಯ ನಡಿಯೋ ಸ್ಪೀಡಲ್ಲಿ ಅಡಿಕೆ ತೋಟದ ಏರು ಹತ್ತತ್ತೆ, ಗೊಬ್ಬರ ತುಂಬಿದ್ರೂ ಸರಿ. ಇದನ್ನೇ ಜೀಪಿನವರು ದೊಡ್ಡ ಗುಣ ಅಂತಾರೆ, ಕೆಲಸಕ್ಕೆ ದೊಡ್ಡ ಗುಣನೇ, ಜೂನ್ ಜುಲೈ ಕೆಸರಲ್ಲಿ ಅದು ಹೋದ ಕಡೆ ಬೇರೆ ಯಾವ ಗಾಡಿನೂ ಹೋಗ್ತಿರ್ಲಿಲ್ಲ. ಆದ್ರೆ ಕಲಿಯೋವ್ನಿಗೆ ಇದು ತೊಂದ್ರೆ, ಯಾಕಂದ್ರೆ ಕಾಲು ಹೇಗೆ ಬಿಟ್ರೂ ಗಾಡಿ ಹೋಗ್ತಾ ಇದ್ರೆ ಕಾಲಿಗೆ ಪಾಠ ಎಲ್ಲಿಂದ ಬರತ್ತೆ. ತೋಟದ ಜೀಪಲ್ಲೇ ಕಲಿತು ಆಮೇಲೆ ಮಾರುತಿ ತಗೊಂಡವರು ಪೇಟೆ ಸರ್ಕಲ್ಲಲ್ಲಿ ಮತ್ತೆ ಮತ್ತೆ ಆಫ್ ಮಾಡ್ಕೊಂಡು ನಿಲ್ಲೋದು ನಮ್ಮೂರಲ್ಲಿ ಮಾಮೂಲಿ ನೋಟ ಆಗಿತ್ತು.

ಜೀಪು ಕಲಿಸಿದ್ದು ಬೇರೆದು, ಘಾಟಿ ಇಳಿಯೋದು. ಆಗುಂಬೆ ಘಾಟಿಲಿ 14 ಹೇರ್‌ಪಿನ್ ತಿರುವು ಇದೆ, ಸೋಮೇಶ್ವರದ ಕಡೆಗೆ ಇಳಿಯೋವಾಗ ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿದ್ರೆ ಅರ್ಧ ದಾರಿಗೇ ಸುಟ್ಟ ವಾಸನೆ ಶುರು. ಆ ಕಾಲದ ಜೀಪು, ಅಂಬಾಸಿಡರ್, ಪದ್ಮಿನಿ ಎಲ್ಲಕ್ಕೂ ಡ್ರಮ್ ಬ್ರೇಕು, ಡ್ರಮ್ ಕಾದ್ರೆ ಒಳಗಿನ ಲೈನರ್ ಹಿಡಿತ ಕಳ್ಕೊಳ್ಳತ್ತೆ, ಪೆಡಲ್ ಎಷ್ಟು ಒತ್ತಿದ್ರೂ ಗಾಡಿ ನಿಧಾನ ಆಗಲ್ಲ, ಬಿಸಿ ಹೊರಗೆ ಹೋಗೋಕೆ ದಾರಿ ಕಮ್ಮಿ ಇರೋದೇ ಕಾರಣ. ಜೀಪಿನ ಡ್ರೈವರ್ ಅಣ್ಣ ಹೇಳ್ತಿದ್ದಿದ್ದು ಒಂದೇ ಮಾತು, "ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು." ತಿರುವಿಗೆ ಮುಂಚೆನೇ ಸೆಕೆಂಡಿಗೆ ಬಂದಿರ್ಬೇಕು, ತಿರುವೊಳಗೆ ಕ್ಲಚ್ ಮುಟ್ಟೋ ಹಾಗೇ ಇಲ್ಲ, ಯಾಕಂದ್ರೆ ಕ್ಲಚ್ ಒತ್ತಿದ ತಕ್ಷಣ ಇಂಜಿನ್ ಹಿಡಿತ ಹೋಗಿ ಗಾಡಿ ಬಿಟ್ಕೊಂಡ ಹಾಗೆ ಓಡತ್ತೆ. ಇದೇ ವಿಷಯ ಅಂಬಾಸಿಡರ್‌ನಲ್ಲೂ ಕಲೀಬಹುದಿತ್ತು, ಆದ್ರೆ ಜೀಪಿನ ಸ್ಟೀರಿಂಗಲ್ಲಿ ಪ್ಲೇ ಜಾಸ್ತಿ, ಅಂದ್ರೆ ಸ್ವಲ್ಪ ತಿರುಗಿಸಿದ್ರೂ ಚಕ್ರ ತಿರುಗೋದೇ ಇಲ್ಲ, ಎರಡೂ ಕೈ ಸ್ಟೀರಿಂಗ್ ಮೇಲೇ ಇರ್ಲೇಬೇಕು, ಹಾಗಾಗಿ ಗೇರ್ ಕೆಲಸ ತಿರುವಿಗೆ ಮುಂಚೆ ಮುಗಿಸೋ ಅಭ್ಯಾಸ ತಾನಾಗೇ ಬಂತು. ಘಾಟಿ ಇಳಿಯೋಕೆ ನನ್ನ ಓಟು ಜೀಪಿಗೇ.

ಇನ್ನು ಮಾರುತಿ 800. 1983ರ ಡಿಸೆಂಬರಲ್ಲಿ ಬಂದ ಗಾಡಿ, 796 ಸಿಸಿ, ಮೂರು ಸಿಲಿಂಡರು, ನಾಲ್ಕು ಗೇರು, ತೂಕ 650 ಕೆಜಿ ಆಸುಪಾಸು, ಎಲ್ಲಾ ಮುಂದಿನ ಗೇರಿಗೂ ಸಿಂಕ್ರೋಮೆಶ್. ಹಾಗಾಗಿ ಡಬಲ್ ಕ್ಲಚ್ ಬೇಕಿಲ್ಲ, ಗೇರ್ ಎರಡು ಬೆರಳಲ್ಲಿ ಬೀಳತ್ತೆ, ಅಂಬಾಸಿಡರ್‌ನಿಂದ ಇಳಿದು ಬಂದವರಿಗೆ ಇದು ಆಟದ ಸಾಮಾನಿನ ಹಾಗೆ ಕಾಣ್ತಿತ್ತು. ಆದ್ರೆ ಆ ಚಿಕ್ಕ ಇಂಜಿನ್ನು ಕಾಲಿನ ವಿಷಯದಲ್ಲಿ ಕಟ್ಟುನಿಟ್ಟು. ಕ್ಲಚ್ ಕೂದಲೆಳೆ ಜಾಸ್ತಿ ಬಿಟ್ರೆ ಟಕ್ ಅಂತ ಆಫ್, ಎಕ್ಸಿಲೇಟರ್ ಜಾಸ್ತಿ ಕೊಟ್ರೆ ಕಿರುಚತ್ತೆ. ಏರಲ್ಲಿ ನಿಲ್ಸಿ ಹೊರಡೋದು ಇದ್ರಲ್ಲಿ ಬಂತು ಅಂದ್ರೆ ಎಲ್ಲಾ ಗಾಡಿಲೂ ಬರತ್ತೆ, ಇದನ್ನ ನಾನು ಪೂರ್ತಿ ನಂಬಿಕೆಯಿಂದ ಹೇಳ್ತೀನಿ. ಹ್ಯಾಂಡ್ ಬ್ರೇಕ್ ಎಳ್ಕೊಂಡು, ಕ್ಲಚ್ ನಿಧಾನ ಬಿಡ್ತಾ ಬಂದ್ರೆ ಒಂದು ಕಡೆ ಇಂಜಿನ್ ಶಬ್ದ ತುಸು ಭಾರ ಆಗತ್ತೆ, ಬಾನೆಟ್ಟಿನ ಮುಂಭಾಗ ಒಂದು ಬೆರಳಷ್ಟು ಮೇಲೇಳತ್ತೆ, ಪಾದದ ಕೆಳಗೆ ಪೆಡಲ್ ಸಣ್ಣಗೆ ನಡುಗತ್ತೆ, ಅಲ್ಲೇ ಹ್ಯಾಂಡ್ ಬ್ರೇಕ್ ಬಿಡ್ಬೇಕು. ಈ ಮೂರು ಸೂಚನೆ ಇಷ್ಟು ಸ್ಪಷ್ಟವಾಗಿ ಕಾಣೋದು 800ರಲ್ಲಿ ಮಾತ್ರ. ಅಂಬಾಸಿಡರ್‌ನ ಭಾರ ಇದನ್ನ ಮುಚ್ಚಿಹಾಕತ್ತೆ, ಜೀಪಲ್ಲಂತೂ ಮೊದ್ಲೇ ಇಡೀ ಗಾಡಿನೇ ನಡುಗ್ತಾ ಇರತ್ತೆ.

ಒಂದು ಬೇಸರದ ವಿಷಯ ಹೇಳ್ಲೇಬೇಕು. ಡ್ರೈವಿಂಗ್ ಸ್ಕೂಲ್ ಗಾಡಿಲಿ ಕಲಿಸೋರ ಕಡೆನೂ ಬ್ರೇಕು ಕ್ಲಚ್ಚು ಇರತ್ತಲ್ಲ, ನಾನು ಹೋಗಿದ್ದ ಕಡೆ ಆ ಮೇಷ್ಟ್ರು ಎಲ್ಲರ ಕ್ಲಚ್ಚನ್ನೂ ತಾವೇ ತುಳೀತಿದ್ರು, ಪ್ಲೇಟು ಸವೀಬಾರ್ದು ಅಂತ ಇರ್ಬೇಕು. ಹುಡುಗ್ರಿಗೆ ಸ್ಟೀರಿಂಗ್ ಮಾತ್ರ. ಅಲ್ಲಿ ಕಲಿತು ಲೈಸೆನ್ಸ್ ತಗೊಂಡ ಎಷ್ಟು ಜನ ಮನೆ ಕಾರಿಗೆ ಬಂದು ಕೂತು ಮೊದಲಿಂದ ಕಲಿಬೇಕಾಯ್ತು. ಅಷ್ಟು ಒಳ್ಳೆ ಗಾಡಿ ಕೈಲಿಟ್ಕೊಂಡು ಅದ್ರ ಮುಖ್ಯ ಪಾಠನೇ ಕಿತ್ಕೊಂಡ ಹಾಗಾಯ್ತು, ನಂಗೆ ಇದ್ರ ಬಗ್ಗೆ ಇನ್ನೂ ಸಿಟ್ಟಿದೆ. ಈಗ ಮಕ್ಕಳನ್ನ ಸೇರಿಸೋರು ಮೊದಲ ದಿನವೇ ಕೇಳಿ, ಕ್ಲಚ್ ಮಗು ಕಾಲಲ್ಲೇ ಇರ್ಬೇಕು ಅಂತ.

ಪದ್ಮಿನಿ ಬಗ್ಗೆ ಹೆಚ್ಚು ಹೇಳೋಕಿಲ್ಲ. 1089 ಸಿಸಿ, ಫಿಯೆಟ್ 1100 ವಂಶದ್ದು, ಇದಕ್ಕೂ ಸ್ಟೀರಿಂಗ್ ಪಕ್ಕದ ಗೇರೇ, ಇದ್ರಲ್ಲೂ ಫಸ್ಟಿಗೆ ಸಿಂಕ್ರೋಮೆಶ್ ಇಲ್ಲ, ಆದ್ರೆ ಅಂಬಾಸಿಡರ್‌ಗಿಂತ ಹಗುರ, ಕಡ್ಡಿ ಓಡಾಟ ಚಿಕ್ಕದು, ಇಂಜಿನ್ ಚುರುಕು. ಓಡಿಸೋಕೆ ನಾಲ್ಕರಲ್ಲಿ ಅತ್ಯಂತ ಸುಖ ಕೊಟ್ಟಿದ್ದು ಇದೇ, ಬೆಳಿಗ್ಗೆ ಬೇಗ ಜಯನಗರದ ಖಾಲಿ ರೋಡಲ್ಲಿ ಎರಡ್ರಿಂದ ಮೂರಕ್ಕೆ ಹಾಕೋದೇ ಒಂದು ಖುಷಿ. ಮುಂಬೈಲಿ 2023ರ ಅಕ್ಟೋಬರ್ ತನಕ ಇದು ಟ್ಯಾಕ್ಸಿಯಾಗಿ ಓಡ್ತು, ಆ ಟ್ರಾಫಿಕ್ಕಲ್ಲಿ ದಿನವಿಡೀ ಇಂಥ ಕ್ಲಚ್ಚು ತುಳಿದ ಡ್ರೈವರ್‌ಗಳ ಮೇಲೆ ನಂಗೆ ಭಾರೀ ಗೌರವ. ಕಲಿಯೋಕೆ ಮಾತ್ರ ಇದು ಅಂಬಾಸಿಡರ್ ಕಲಿಸೋದನ್ನೇ ಸ್ವಲ್ಪ ಮೆತ್ತಗೆ ಕಲಿಸತ್ತೆ, ಅಷ್ಟೇ.

ಸ್ಟೀರಿಂಗ್ ಪಕ್ಕದ ಗೇರಿಗೆ ಒಂದು ದೊಡ್ಡ ರೋಗ ಇತ್ತು, ಅದು ಎರಡೂ ಗಾಡಿಗೆ ಸಮ. ಕಡ್ಡಿಯಿಂದ ಗೇರ್ ಬಾಕ್ಸ್ ತನಕ ಉದ್ದುದ್ದ ರಾಡು, ಅವುಗಳ ಕೀಲಿನಲ್ಲಿ ಬುಶ್ಶು ಅನ್ನೋ ಚಿಕ್ಕ ಬಳೆ, ಬುಶ್ ಸವೆದ್ರೆ ಗೇರ್ ಒಂದು ಕಡೆ ಸಿಕ್ಕಾಕ್ಕೊಂಡ್ಬಿಡತ್ತೆ, ನ್ಯೂಟ್ರಲ್ಲಿಗೂ ಬರಲ್ಲ ಮುಂದಕ್ಕೂ ಹೋಗಲ್ಲ. ಆಗ ಇಳಿದು ಬಾನೆಟ್ ಎತ್ತಿ, ಸ್ಟೀರಿಂಗ್ ಕಂಬದ ಬುಡದಲ್ಲಿರೋ ಲಿವರನ್ನ ಕೈಯಲ್ಲೇ ಹಿಡಿದು ಅಲ್ಲಾಡಿಸಿ ನ್ಯೂಟ್ರಲ್ಲಿಗೆ ತರ್ಬೇಕು, ಕೈ ತುಂಬಾ ಗ್ರೀಸು. ಮದುವೆ ದಿಬ್ಬಣದ ಮಧ್ಯೆ ಅಂಬಾಸಿಡರ್ ನಿಲ್ಸಿ ಬಿಳಿ ಪಂಚೆ ಎತ್ತಿ ಕಟ್ಟಿ ಮಾವ ಇದನ್ನ ಮಾಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಈ ಒಂದು ವಿಷಯದಲ್ಲಿ ನೆಲದ ಗೇರಿನ 800, ಜೀಪು ಗೆದ್ದೇ ಗೆಲ್ಲತ್ತೆ. ಅದೇ ಸಮಯದಲ್ಲಿ, ಗೇರ್ ಅನ್ನೋದು ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ನಾನು ಕಣ್ಣಾರೆ ನೋಡಿದ್ದೂ ಆ ಬಾನೆಟ್ ಕೆಳಗೇ.

ಮಳೆಗಾಲದಲ್ಲಿ ಸ್ಟಾರ್ಟ್ ಮಾಡೋ ವಿಷಯಕ್ಕೆ ಬಂದ್ರೆ ನಾಲ್ಕೂ ಒಂದೇ ಉಪಾಯಕ್ಕೆ ಬಗ್ಗತ್ತೆ. ಬ್ಯಾಟ್ರಿ ವೀಕು ಅಂದ್ರೆ ಇಳಿಜಾರಲ್ಲಿ ನಿಲ್ಸೋದು, ಚಕ್ರಕ್ಕೆ ಕಲ್ಲು ಕೊಡೋದು, ಬೆಳಿಗ್ಗೆ ಕಲ್ಲು ತೆಗೆದು ಸೆಕೆಂಡ್ ಗೇರಲ್ಲಿ ಕ್ಲಚ್ ಒತ್ತಿ ಉರುಳಿಸಿ ವೇಗ ಬಂದ್ಮೇಲೆ ಕ್ಲಚ್ ಬಿಡೋದು. ಫಸ್ಟಲ್ಲಿ ಮಾಡಿದ್ರೆ ಚಕ್ರ ಲಾಕ್ ಆದ ಹಾಗೆ ಜಗ್ಗತ್ತೆ, ಅದಕ್ಕೇ ಸೆಕೆಂಡು. ಹಗುರ ಇರೋದ್ರಿಂದ 800ನ್ನ ಸಮ ನೆಲದಲ್ಲೂ ಇಬ್ರು ತಳ್ಳಿದ್ರೆ ಸಾಕು, ಅಂಬಾಸಿಡರ್‌ಗೆ ಕೇರಿನೇ ಬರ್ಬೇಕು.

ಈಗ ಕಲಿಯೋರಿಗೆ ಇದೆಲ್ಲಾ ಯಾಕೆ ಅಂತ ಕೇಳ್ಬಹುದು, ಆಟೋಮ್ಯಾಟಿಕ್ ಇದೆಯಲ್ಲ ಅಂತ. ನಮ್ಮಲ್ಲಿ ಕಾರಿಗೆ ಗೇರ್ ಇರೋದು ಆಟೋಮ್ಯಾಟಿಕ್ಕು ಅಂತ ಬೇರೆ ಬೇರೆ ಲೈಸೆನ್ಸ್ ಇಲ್ಲ, ಆಟೋಮ್ಯಾಟಿಕ್ಕಲ್ಲಿ ಟೆಸ್ಟ್ ಕೊಟ್ಟವ್ರು ನಾಳೆ ತೋಟದ ಜೀಪ್ ಹತ್ತಿ ಘಾಟಿಗೆ ಹೋಗ್ಬಹುದು, ಕಾನೂನು ತಡಿಯಲ್ಲ. ಅದಕ್ಕೇ ಒಂದ್ ಸಲ ಸರಿಯಾಗಿ ಕಲ್ತುಬಿಡಿ ಅನ್ನೋದು. ಅಂಬಾಸಿಡರ್ ಮತ್ತೆ 800 ಎರಡೂ 2014ರಲ್ಲೇ ತಯಾರಿ ನಿಂತಿವೆ, ಆದ್ರೂ 800 ಇನ್ನೂ ಕೈಗೆಟುಕೋ ರೇಟಲ್ಲಿ ಅಲ್ಲಲ್ಲಿ ಸಿಗತ್ತೆ. ಸಿಕ್ರೆ ತಗೊಳ್ಳೋ ಮುಂಚೆ ಆರ್‌ಸಿ ಇನ್ನೂ ಚಾಲ್ತಿಲಿದೆಯಾ ನೋಡಿ, ಆಮೇಲೆ ಕ್ಲಚ್ ನೋಡಿ. ಪೆಡಲ್ ಪೂರ್ತಿ ಮೇಲೆ ಬಂದ್ಮೇಲೇ ಕಚ್ತಾ ಇದ್ರೆ ಪ್ಲೇಟ್ ಸವೆದಿದೆ ಅಥ್ವಾ ಕೇಬಲ್ ಅಡ್ಜಸ್ಟ್ ಆಗ್ಬೇಕು. ಪರೀಕ್ಷೆಗೆ ಒಂದು ಸಣ್ಣ ಏರಿಗೆ ಒಯ್ದು ಮೂರನೇ ಗೇರಲ್ಲಿ ಎಕ್ಸಿಲೇಟರ್ ತುಳೀರಿ, ಶಬ್ದ ಏರಿ ಸ್ಪೀಡ್ ಏರ್ಲಿಲ್ಲ ಅಂದ್ರೆ ಪ್ಲೇಟಿಂದೇ ಕೆಲಸ, ಆ ಖರ್ಚು ರೇಟಲ್ಲಿ ಕಡಿಮೆ ಮಾಡ್ಸಿ.